ಕೆರೆಯ ಮೇಲೆ ದೋಣಿ, ಊರಿನ ಒಪ್ಪ

ಕುಳಿತು ಹುಟ್ಟು ಹಾಕುತ್ತ ನೀರಿನ ಮೇಲೆ ವೇಗವಾಗಿ ಸಾಗುವ ಸ್ಪರ್ಧೆಯ ಕ್ರೀಡೆಯನ್ನು ರೋಯಿಂಗ್ ಎನ್ನುತ್ತಾರೆ. ಒಂದು ಊರಿನ ಹುಡುಗ ಹುಡುಗಿಯರು ಸಂಘ ಕಟ್ಟಿಕೊಂಡು ಊರ ಕೆರೆಯಲ್ಲಿ ಈ ಕ್ರೀಡೆಯ ಅಭ್ಯಾಸ ನಡೆಸಬೇಕೆಂದು ಬಯಸಿದರೆ ಅವರು ಯಾರನ್ನು ಕೇಳಬೇಕು? ಏನನ್ನು ಕೇಳಬೇಕು? ಕೆರೆಯ ಸುತ್ತ ವಾಸಿಸುವವರು ಒಪ್ಪದಿದ್ದರೆ ಅವರ ನಿರಾಕರಣೆಗೆ ಎಷ್ಟು ಬೆಲೆ? ಮೇಲುನೋಟಕ್ಕೆ ಇದು ಕ್ರೀಡಾ ಇಲಾಖೆಗೋ ನೀರಾವರಿ ಇಲಾಖೆಗೋ ಸೇರಿದ ವಿಚಾರವೆನಿಸಬಹುದು. ಆದರೆ ಕೆರೆ, ಒಪ್ಪಿಗೆ, ಮರ್ಯಾದೆ ಎಂಬ ಮೂರು ಮಾತುಗಳ ಅರ್ಥವನ್ನು ಬಿಡಿಸಿಕೊಳ್ಳದೆ ಈ ಪ್ರಶ್ನೆಗಳಿಗೆ ಉತ್ತರ ದೊರೆಯುವುದಿಲ್ಲ. ಆ ಮೂರೂ ಮಾತುಗಳು ನಾವು ಓದುವ ಶಾಸನಗಳಲ್ಲಿ, ಕಾವ್ಯಗಳಲ್ಲಿ, ಜನಪದ ಹಾಡುಗಳಲ್ಲಿ ಮತ್ತೆ ಮತ್ತೆ ಬರುವಂಥವು. ಕನ್ನಡವನ್ನು ಐಚ್ಛಿಕವಾಗಿ ಓದುವ ವಿದ್ಯಾರ್ಥಿಗಳು ಈ ವಿಷಯವನ್ನು ಗಮನಿಸಬೇಕಾದುದು ಅದಕ್ಕಾಗಿ.

ನಮ್ಮ ಸೀಮೆಯ ನೀರು

ಗಡಹಿಂಗ್ಲಜವು ಹಿರಣ್ಯಕೇಶಿಯ ದಡದ ಊರು. ಆಂಬೋಲಿಯ ಬಳಿ ಸಹ್ಯಾದ್ರಿಯಲ್ಲಿ ಹುಟ್ಟುವ ಈ ನದಿ ಆಜರಾ, ಗಡಹಿಂಗ್ಲಜಗಳನ್ನು ದಾಟಿ, ಗಡಿಯಾಚೆಯ ಸಂಕೇಶ್ವರವನ್ನು ಹಾದು ಘಟಪ್ರಭೆಯನ್ನು ಕೂಡಿಕೊಳ್ಳುತ್ತದೆ. ಕೊಲ್ಹಾಪುರದಲ್ಲಿ ರಂಕಾಳಾ, ಕಳಂಬಾ, ರಾಜಾರಾಮ ಎಂಬ ಕೆರೆಗಳಿವೆ. ಸಾಂಗಲಿಯ ಕೃಷ್ಣೆಯಲ್ಲಿ ಸುತ್ತಲಿನ ಊರುಗಳ ತಂಡಗಳು ದೋಣಿಗಳ ಪೈಪೋಟಿ ನಡೆಸುವ ರೂಢಿ ಇದೆ. ನೀರಿನ ಮೇಲಿನ ಪಂದ್ಯವೆಂಬುದು ಈ ಸೀಮೆಗೆ ಹೊರಗಿನಿಂದ ಬಂದ ಕಲ್ಪನೆಯೇನಲ್ಲ.

ಇಲ್ಲಿನ ನಿಂತ ನೀರಿಗೆ ಇನ್ನೊಂದು ವಿಶೇಷ ಕಾರಣವಿದೆ. ಅದು ‘ಕೊಲ್ಹಾಪುರ ಮಾದರಿ’ ಎಂದೇ ಹೆಸರಾದ ಬಂಧಾರ. ನದಿಗೆ ಅಡ್ಡಲಾಗಿ ಕಲ್ಲಿನ ಕಂಬಗಳನ್ನು ಕಟ್ಟಿ, ಮಳೆಗಾಲ ಮುಗಿದ ಮೇಲೆ ಅವುಗಳ ನಡುವೆ ಹಲಗೆಗಳನ್ನು ಇಳಿಸಿ ನೀರನ್ನು ತಡೆಯುವುದು, ಮತ್ತೆ ಮಳೆ ಬರುವ ಮುನ್ನ ಹಲಗೆಗಳನ್ನು ಎತ್ತಿಬಿಡುವುದು ಈ ಮಾದರಿಯ ಕ್ರಮ. ಹೀಗಾಗಿ ಚಳಿಗಾಲದಲ್ಲಿ ಬಂಧಾರದ ಮೇಲ್ಭಾಗದ ನದಿ ಉದ್ದನೆಯ, ಅಲುಗಾಡದ ಕೊಳದಂತೆ ತೋರುತ್ತದೆ. ರೋಯಿಂಗ್ ಕಲಿಯುವವನ ಕಣ್ಣಿಗೆ ಅದು ಸಿದ್ಧಗೊಂಡ ಅಂಗಳ. ಆದರೆ ಆ ನೀರನ್ನು ತಡೆದು ನಿಲ್ಲಿಸಿದುದು ಕಬ್ಬಿನ ಗದ್ದೆಗಳಿಗಾಗಿ. ದಂಡೆಯುದ್ದಕ್ಕೂ ನೀರೆತ್ತುವ ಪಂಪುಗಳ ಕೊಳವೆಗಳು ಇಳಿದಿರುತ್ತವೆ. ಬೇಸಿಗೆ ಬಲಿತಂತೆ ನೀರಿನ ಮಟ್ಟ ಕುಸಿಯುತ್ತದೆ. ಒಂದೇ ನೀರು ಒಬ್ಬನಿಗೆ ಅಂಗಳವಾಗಿ, ಇನ್ನೊಬ್ಬನಿಗೆ ಬೆಳೆಯ ಜೀವವಾಗಿ ಕಾಣುತ್ತದೆ. ಈ ಲೇಖನದ ವಿಷಯವು ಈ ಎರಡು ನೋಟಗಳ ನಡುವೆ ಇದೆ.

ಯುವಕರ ಬೇಡಿಕೆಯನ್ನು ಹವ್ಯಾಸವೆಂದು ತಳ್ಳಿಹಾಕುವಂತಿಲ್ಲ. ಪುಣೆಯ ಎಂಜಿನಿಯರಿಂಗ್ ಕಾಲೇಜಿನಲ್ಲಿ 1928ರಿಂದಲೂ ಬೋಟ್ ಕ್ಲಬ್ ಇದೆ. ನಾಸಿಕ ಜಿಲ್ಲೆಯ ಬರಪೀಡಿತ ತಾಲೂಕಾದ ಚಾಂದವಡದ ರೈತ ಕುಟುಂಬದಲ್ಲಿ ಹುಟ್ಟಿದ ದತ್ತು ಭೋಕನಳ ಅವರು ಸೈನ್ಯಕ್ಕೆ ಸೇರಿದ ಮೇಲೆ ಪುಣೆಯಲ್ಲಿ ರೋಯಿಂಗ್ ಕಲಿತರು. 2016ರ ರಿಯೊ ಒಲಿಂಪಿಕ್ಸಿನಲ್ಲಿ ಭಾರತದ ಏಕೈಕ ರೋಯಿಂಗ್ ಪಟುವಾಗಿ 13ನೆಯ ಸ್ಥಾನ ಪಡೆದರು. 2018ರ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ತಂಡದೊಡನೆ ಚಿನ್ನದ ಪದಕ ಗೆದ್ದರು. ನೀರೇ ಇಲ್ಲದ ಊರಿನ ಹುಡುಗನೊಬ್ಬ ನೀರಿನ ಕ್ರೀಡೆಯಲ್ಲಿ ಅಷ್ಟೆತ್ತರಕ್ಕೆ ಏರಿದನೆಂದರೆ, ನೀರಿನ ದಂಡೆಯಲ್ಲೇ ಬೆಳೆದ ಮಕ್ಕಳು ಆ ಕನಸನ್ನು ಕಾಣುವುದು ಸಹಜ. ಅವರಿಗೆ ನೀರು ಸಿಗಬೇಕು. ಹೇಗೆ ಸಿಗಬೇಕೆಂಬುದಷ್ಟೇ ಪ್ರಶ್ನೆ.

ರೋಯಿಂಗ್ ದೋಣಿ ಎಂಥದು?

ಒಪ್ಪಿಗೆ ಕೇಳುವ ಮುನ್ನ, ಏನನ್ನು ಕೇಳುತ್ತಿದ್ದೇವೆಂಬುದು ಕೇಳುವವರಿಗೂ ಕೇಳಿಸಿಕೊಳ್ಳುವವರಿಗೂ ಸ್ಪಷ್ಟವಿರಬೇಕು. ಉದ್ಯಾನದ ಕೆರೆಗಳಲ್ಲಿ ಕಾಲಿನಿಂದ ತುಳಿದು ನಡೆಸುವ ವಿಹಾರದೋಣಿಗೂ ರೋಯಿಂಗ್ ದೋಣಿಗೂ ಬಹಳ ಅಂತರವಿದೆ. ಒಬ್ಬರೇ ಕುಳಿತು ನಡೆಸುವ ಸ್ಪರ್ಧೆಯ ದೋಣಿ ಸುಮಾರು 8 ಮೀಟರ್ ಉದ್ದವಿದ್ದು, ಅಗಲ ಒಂದು ಅಡಿಯ ಆಸುಪಾಸಿನಲ್ಲಿರುತ್ತದೆ. ಅದರ ಕನಿಷ್ಠ ತೂಕ 14 ಕಿಲೋ. ಇಬ್ಬದಿಗೆ ಚಾಚಿದ ಹುಟ್ಟುಗಳು ಒಂದೊಂದೂ ಸುಮಾರು 3 ಮೀಟರ್. ದೋಣಿ ಅಷ್ಟು ಸಪೂರವಾಗಿರುವುದರಿಂದ ಅದು ಬಾಣದಂತೆ ಸಾಗುತ್ತದೆ. ಅದೇ ಕಾರಣಕ್ಕೆ ಗಾಳಿಗೆ, ಅಲೆಗೆ, ಒಂದು ಹುಟ್ಟು ಗಿಡದ ಬೇರಿಗೆ ಸಿಕ್ಕಿಕೊಂಡರೆ ಮಗುಚಿಕೊಳ್ಳುತ್ತದೆ. ಜಲಕಳೆ ಹಬ್ಬಿದ ನೀರಿನಲ್ಲಿ ಅಭ್ಯಾಸ ಸಾಧ್ಯವೇ ಇಲ್ಲ.

ಇನ್ನೊಂದು ಸಂಗತಿ ಎಲ್ಲಕ್ಕಿಂತ ಮುಖ್ಯವಾದುದು. ನಮ್ಮ ಅಂಬಿಗನು ಹರಿಗೋಲಿನಲ್ಲಿ ಮುಂದಕ್ಕೆ ಮುಖ ಮಾಡಿ ಹುಟ್ಟು ಹಾಕುತ್ತಾನೆ. ಎದುರಿಗೆ ಏನಿದೆಯೆಂಬುದು ಅವನಿಗೆ ಕಾಣುತ್ತದೆ. ರೋಯಿಂಗ್ ಪಟುವಾದರೋ ಹಿಮ್ಮುಖವಾಗಿ ಕುಳಿತು ಹುಟ್ಟನ್ನು ಎಳೆಯುತ್ತಾನೆ; ಅವನು ಹೋಗುತ್ತಿರುವ ದಿಕ್ಕು ಅವನ ಬೆನ್ನಿಗಿರುತ್ತದೆ. ದೊಡ್ಡ ದೋಣಿಗಳಲ್ಲಿ ದಾರಿ ನೋಡಿ ಹೇಳಲು ಬೇರೊಬ್ಬರು ಕುಳಿತಿರುವುದುಂಟು. ಒಂಟಿ ದೋಣಿಯಲ್ಲಿ ಆ ಅನುಕೂಲವಿಲ್ಲ. ನೀರಿನಲ್ಲಿ ಈಜುತ್ತಿರುವ ಹುಡುಗ, ಬಲೆ ಬೀಸಲು ನಿಂತ ಮೀನುಗಾರ, ಮೈ ತೊಳೆಸಿಕೊಳ್ಳುತ್ತಿರುವ ಎಮ್ಮೆ ಇವು ಯಾವುವೂ ಅವನ ಕಣ್ಣಿಗೆ ಬೀಳುವುದಿಲ್ಲ. ಅಂತರರಾಷ್ಟ್ರೀಯ ಪಂದ್ಯಗಳಿಗೆ 2000 ಮೀಟರ್ ಉದ್ದದ ನೇರ ನೀರು, ಪ್ರತಿ ದೋಣಿಗೆ 13.5 ಮೀಟರ್ ಅಗಲದ ಪ್ರತ್ಯೇಕ ಪಥ ಇರಬೇಕೆಂಬ ನಿಯಮವಿದೆ. ಕಲಿಯುವವರಿಗೆ ಅಷ್ಟು ಉದ್ದ ಬೇಕಿಲ್ಲ. ಆದರೆ ಎಷ್ಟೇ ಚಿಕ್ಕದಾದರೂ, ಅಭ್ಯಾಸ ನಡೆಯುವ ಹೊತ್ತಿಗೆ ಆ ಪಥದಲ್ಲಿ ಬೇರೆ ಯಾರೂ ಇರಬಾರದು. ಸಂಘದವರು ‘ನಾವು ನೀರನ್ನು ಕುಡಿಯುವುದೂ ಇಲ್ಲ, ಒಯ್ಯುವುದೂ ಇಲ್ಲ, ಸುಮ್ಮನೆ ಮೇಲೆ ಹಾದುಹೋಗುತ್ತೇವೆ’ ಎಂದರೆ ಅದು ಅರ್ಧ ಸತ್ಯ ಮಾತ್ರ. ಅವರು ಕೇಳುತ್ತಿರುವುದು ದಿನದ ಕೆಲವು ಗಂಟೆಗಳ ಕಾಲ ಕೆರೆಯ ಒಂದು ಭಾಗವನ್ನು ಬೇರೆಯವರು ಬಿಟ್ಟುಕೊಡಬೇಕೆಂಬುದನ್ನು.

ಬರಿದೆಂದು ಕಾಣುವ ಕೆರೆ

ಬೆಳಗಿನ ಹೊತ್ತು ಕೆರೆಯ ಏರಿಯ ಮೇಲೆ ನಿಂತು ನೋಡುವವರಿಗೆ ನೀರಿನ ಹರವು ಬರಿದೆಂದು ತೋರುತ್ತದೆ. ಆದರೆ ಕೆರೆಗೆ ಸಂಬಂಧಿಸಿದ ಕನ್ನಡ ಶಬ್ದಗಳನ್ನು ಒಂದೊಂದಾಗಿ ಎಣಿಸಿದರೆ ಅದು ಎಷ್ಟು ಜನರಿಂದ ತುಂಬಿದೆಯೆಂಬುದು ತಿಳಿಯುತ್ತದೆ. ತೂಬು ಎಂದೊಡನೆ ಅದನ್ನು ತೆರೆದು ಮುಚ್ಚುವ ನೀರುಗಂಟಿ ನೆನಪಾಗುತ್ತಾನೆ. ಅಚ್ಚುಕಟ್ಟು ಎಂದರೆ ಆ ನೀರನ್ನು ನಂಬಿದ ಗದ್ದೆಗಳು, ಅವುಗಳ ಒಕ್ಕಲುಗಳು. ಕೋಡಿ ಎಂದರೆ ಹೆಚ್ಚಾದ ನೀರು ಹರಿದುಹೋಗುವ ದಾರಿ, ಅದರ ಕೆಳಗೆ ಕಾದಿರುವ ಮುಂದಿನ ಕೆರೆ. ಮಡಿಕಟ್ಟೆಯಲ್ಲಿ ಬಟ್ಟೆ ಒಗೆಯುವವರಿದ್ದಾರೆ; ಕೆರೆಯಂಗಳದ ಹುಲ್ಲಿನಲ್ಲಿ ದನ ಕಾಯುವವರಿದ್ದಾರೆ; ಹೂಳಿನ ಮಣ್ಣನ್ನು ಹೊಲಕ್ಕೆ ಸಾಗಿಸುವವರಿದ್ದಾರೆ. ಎರಡೂ ರಾಜ್ಯಗಳಲ್ಲಿ ಅನೇಕ ಕೆರೆ ಜಲಾಶಯಗಳ ಮೀನುಗಾರಿಕೆಯ ಹಕ್ಕನ್ನು ಮೀನುಗಾರರ ಸಹಕಾರಿ ಸಂಘಗಳಿಗೆ ಗುತ್ತಿಗೆ ಕೊಟ್ಟಿರುತ್ತಾರೆ. ಅವರ ಬಲೆಗಳು ಕಣ್ಣಿಗೆ ಕಾಣದಿದ್ದರೂ ನೀರಿನೊಳಗಿರುತ್ತವೆ. ಭಾದ್ರಪದದಲ್ಲಿ ಗೌರಿ ಗಣಪತಿಗಳ ವಿಸರ್ಜನೆಯಿದೆ. ಹೆಸರು ಹೇಳಿ ಅರ್ಜಿ ಬರೆಯಲಾರದ ನೀರುಹಕ್ಕಿಗಳು ಜೊಂಡಿನ ಮರೆಯಲ್ಲಿ ಗೂಡು ಕಟ್ಟಿರುತ್ತವೆ.

ಇವರಲ್ಲಿ ಹಲವರ ಹಕ್ಕು ಕಾಗದದ ಮೇಲಿಲ್ಲ; ರೂಢಿಯಲ್ಲಿದೆ. ಸಂಘದವರು ಕಚೇರಿಗೆ ಹೋಗಿ ಕೇಳಿದರೆ ಗುತ್ತಿಗೆದಾರನ ಹೆಸರು ಸಿಗುತ್ತದೆ, ದನ ಕಾಯುವವಳ ಹೆಸರು ಸಿಗುವುದಿಲ್ಲ. ಕಚೇರಿಯ ಅನುಮತಿಗೂ ನೆರೆಹೊರೆಯ ಒಪ್ಪಿಗೆಗೂ ಇರುವ ವ್ಯತ್ಯಾಸ ಮೊದಲು ಗೋಚರಿಸುವುದು ಇಲ್ಲಿ.

ಒಪ್ಪ ಮತ್ತು ಮರ್ಯಾದೆ

‘ಒಪ್ಪು’ ಎಂಬ ಧಾತುವಿನಿಂದ ಬಂದ ಶಬ್ದಗಳನ್ನು ವಿದ್ಯಾರ್ಥಿಗಳು ಒಟ್ಟಿಗೆ ಇಟ್ಟು ನೋಡಬೇಕು. ಒಪ್ಪಿಗೆ, ಒಪ್ಪಂದ, ಒಪ್ಪಿತ ಇವು ಇಂದಿಗೂ ಬಳಕೆಯಲ್ಲಿವೆ. ‘ಒಪ್ಪ’ ಎಂದರೆ ಸೊಗಸು, ಅಂದ. ಒಪ್ಪವಾಗಿ ಜೋಡಿಸುವುದು ಎಂದರೆ ಪ್ರತಿಯೊಂದನ್ನೂ ಅದರದರ ಜಾಗದಲ್ಲಿ ಇಡುವುದು. ಶಾಸನಗಳಲ್ಲಿ ಇದೇ ‘ಒಪ್ಪ’ಕ್ಕೆ ಸಹಿ ಅಥವಾ ಅಂಕಿತ ಎಂಬ ಅರ್ಥವೂ ಇದೆ. ದತ್ತಿಯೊಂದನ್ನು ಬಿಟ್ಟ ಮೇಲೆ ಕೊನೆಯಲ್ಲಿ ಕೊಟ್ಟವರ, ಊರಿನ ಪ್ರಮುಖರ ಒಪ್ಪ ಬೀಳುತ್ತಿತ್ತು. ಹಾಗಾದರೆ ನಮ್ಮ ಭಾಷೆಯ ಸ್ಮೃತಿಯಲ್ಲಿ ಒಪ್ಪಿಗೆಯೆಂದರೆ ಕೇವಲ ತಲೆಯಾಡಿಸುವುದಲ್ಲ. ಅವರವರಿಗೆ ಸಲ್ಲಬೇಕಾದುದನ್ನು ಜೋಡಿಸಿ, ಬರೆದು, ಅಂಕಿತ ಹಾಕುವ ಕ್ರಿಯೆ.

‘ಮರ್ಯಾದೆ’ಯನ್ನು ಇಂದು ನಾವು ಗೌರವವೆಂಬ ಅರ್ಥದಲ್ಲಿ ಬಳಸುತ್ತೇವೆ. ಸಂಸ್ಕೃತದಲ್ಲಿ ಅದರ ಮೂಲಾರ್ಥ ಎಲ್ಲೆ, ಮೇರೆ. ಶಾಸನಗಳಲ್ಲಿ ಅದು ನಡೆದು ಬಂದ ಕಟ್ಟಳೆ ಎಂಬ ಅರ್ಥವನ್ನು ತಾಳುತ್ತದೆ. ಎಲ್ಲೆಯನ್ನು ಅರಿತು ನಡೆಯುವವನಿಗೆ ಸಲ್ಲುವುದು ಗೌರವ ಎಂಬ ತರ್ಕ ಈ ಅರ್ಥವಿಕಾಸದಲ್ಲಿ ಅಡಗಿದೆ.

ಕೆರೆಯ ವಿಷಯದಲ್ಲಿ ಈ ಕಟ್ಟಳೆಗಳು ಬಹು ಸೂಕ್ಷ್ಮವಾಗಿದ್ದವು. ಕೆರೆಯನ್ನು ಕಟ್ಟಿಸಿದವರಿಗೆ, ದುರಸ್ತಿ ಮಾಡುವವರಿಗೆ ಬಿಟ್ಟ ಭೂಮಿಗೆ ಕೆರೆಗೊಡಗೆ, ಕಟ್ಟುಗೊಡಗೆ ಎಂಬ ಹೆಸರುಗಳಿದ್ದವು. ಬಿತ್ತುವಟ್ಟ, ದಸವಂದ ಎಂಬ ಏರ್ಪಾಡುಗಳಿದ್ದವು. ಹೂಳನ್ನು ಹೊರುವ ಕೆರೆಬಂಡಿಗೆ ದತ್ತಿ ಬಿಟ್ಟ ಉಲ್ಲೇಖಗಳಿವೆ. ತಮಿಳು ಶಾಸನಗಳಲ್ಲಿ ಹೂಳೆತ್ತುವ ದೋಣಿಗಾಗಿ ದತ್ತಿ ಬಿಟ್ಟ ಸಂಗತಿ ಬರುತ್ತದೆ. ಅಂದರೆ ಹಳೆಯ ಕೆರೆಯಲ್ಲಿಯೂ ದೋಣಿಗೆ ಸ್ಥಾನವಿತ್ತು, ಅದು ಕೆರೆಯ ಸೇವೆಗೆ ಬಂದ ದೋಣಿಯಾಗಿತ್ತು. ಬಳಸುವವನು ಕಾಯಲೂ ಬೇಕೆಂಬುದು ಈ ಎಲ್ಲ ಏರ್ಪಾಡುಗಳ ಸಾರ.

ನಮ್ಮದೇ ಸೀಮೆಯಿಂದ ಒಂದು ನಿದರ್ಶನವನ್ನು ಹೇಳಬೇಕು. ಕೊಲ್ಹಾಪುರದ ಶಿಲಾಹಾರರ ಅರಸ ಗಂಡರಾದಿತ್ಯನು 12ನೆಯ ಶತಮಾನದ ಆರಂಭದಲ್ಲಿ ಮಿರಜ ನಾಡಿನ ಇರುಕುಡಿ ಎಂಬಲ್ಲಿ ಗಂಡಸಮುದ್ರವೆಂಬ ಕೆರೆಯನ್ನು ಕಟ್ಟಿಸಿ, ಅದರ ದಂಡೆಯಲ್ಲಿ ಶಿವ, ಬುದ್ಧ, ಜಿನ ಈ ಮೂವರಿಗೂ ಆಲಯಗಳನ್ನು ಎತ್ತಿಸಿದನೆಂದು ಅವನ ಕಾಲದ ತಾಮ್ರಶಾಸನ ತಿಳಿಸುತ್ತದೆ. ಇದನ್ನು ಅರಸನ ಔದಾರ್ಯವೆಂದು ಮಾತ್ರ ಓದುವುದು ಸಾಲದು. ನೀರು ಒಂದೇ, ದಂಡೆಯಲ್ಲಿ ಪ್ರತಿಯೊಬ್ಬರಿಗೂ ತಮ್ಮದೆನ್ನುವ ಜಾಗವಿರಬೇಕು ಎಂಬ ತಿಳಿವಳಿಕೆ ಅದರಲ್ಲಿದೆ.

ಇದಕ್ಕೆ ಎದುರಾಗಿ ನಿಲ್ಲುವುದು ‘ಕೆರೆಗೆ ಹಾರ’ ಎಂಬ ಜನಪದ ಕಥನಗೀತೆ. ಕಲ್ಲನಕೇರಿಯ ಮಲ್ಲನಗೌಡನು ಕಟ್ಟಿಸಿದ ಕೆರೆಗೆ ನೀರು ಬಾರದಿರಲು, ಕಿರಿಯ ಸೊಸೆ ಭಾಗೀರಥಿಯನ್ನು ಬಲಿಗೊಡುವ ನಿರ್ಧಾರವಾಗುತ್ತದೆ. ಗಂಡ ದಂಡಿನಲ್ಲಿದ್ದಾನೆ. ಮನೆಯ ಹಿರಿಯರು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತಾರೆ. ಯಾರ ಪ್ರಾಣ ಹೋಗಬೇಕಾಗಿದೆಯೋ ಅವಳನ್ನು ಯಾರೂ ಕೇಳುವುದಿಲ್ಲ. ಅವಳ ಮೌನವನ್ನೇ ಒಪ್ಪಿಗೆಯೆಂದು ಎಣಿಸಿದ ಆ ಊರಿಗೆ ನೀರೇನೋ ಬಂದಿತು; ಆದರೆ ಹಾಡು ಆ ಊರನ್ನು ಮನ್ನಿಸಿಲ್ಲ. ಊರ ಹಿತದ ಹೆಸರಿನಲ್ಲಿ ಬಾಯಿಲ್ಲದವರ ಪಾಲನ್ನು ಕಿತ್ತುಕೊಳ್ಳುವುದು ಎಷ್ಟು ಸುಲಭವೆಂಬುದನ್ನು ಕನ್ನಡದ ಹೆಣ್ಣುಮಕ್ಕಳ ಕಂಠ ತಲೆತಲಾಂತರದಿಂದ ನೆನಪಿಸುತ್ತ ಬಂದಿದೆ.

ಕೇಳದೆ ಕೊಟ್ಟ ಕೆರೆಗಳು

ಹಾಡಿನ ಈ ಎಚ್ಚರಿಕೆ ಇಂದಿನ ಆಡಳಿತಕ್ಕೂ ಅನ್ವಯಿಸುತ್ತದೆಂಬುದಕ್ಕೆ ಬೆಂಗಳೂರಿನ ಕೆರೆಗಳ ಪ್ರಕರಣ ಸಾಕ್ಷಿ. 2002ರಲ್ಲಿ ಕರ್ನಾಟಕ ಸರಕಾರವು ಕೆರೆ ಅಭಿವೃದ್ಧಿ ಪ್ರಾಧಿಕಾರವನ್ನು ಸ್ಥಾಪಿಸಿತು. ನಿರ್ವಹಣೆಗೆ ಹಣ ಸಾಲದೆಂಬ ಕಾರಣ ಮುಂದಿಟ್ಟು, ಅನಂತರದ ವರ್ಷಗಳಲ್ಲಿ ಹೆಬ್ಬಾಳ, ನಾಗವಾರ, ವೆಂಗಯ್ಯನ ಕೆರೆ ಮೊದಲಾದವುಗಳನ್ನು ದೀರ್ಘಾವಧಿಯ ಗುತ್ತಿಗೆಯ ಮೇಲೆ ಖಾಸಗಿಯವರಿಗೆ ವಹಿಸಲಾಯಿತು. ನಾಗವಾರದಲ್ಲಿ ದೋಣಿವಿಹಾರ, ಆಟದ ಉದ್ಯಾನ, ಪ್ರವೇಶಶುಲ್ಕಗಳು ಬಂದವು. ಕಾಗದದ ಮಟ್ಟಿಗೆ ಎಲ್ಲ ಅನುಮತಿಗಳೂ ಇದ್ದವು. ಆದರೆ ಕೆರೆಯನ್ನು ದಿನನಿತ್ಯ ಬಳಸುತ್ತಿದ್ದ ಮೀನುಗಾರರು, ಅಗಸರು, ದನಗಾಹಿಗಳು, ಸುತ್ತಲಿನ ನಿವಾಸಿಗಳು ಈ ಏರ್ಪಾಡಿನಲ್ಲಿ ಎಲ್ಲಿದ್ದಾರೆಂಬ ಪ್ರಶ್ನೆ ಎದ್ದಿತು.

ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪ್ ಎಂಬ ಸಂಸ್ಥೆಯು 2008ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಸಲ್ಲಿಸಿತು. ನ್ಯಾಯಮೂರ್ತಿ ಎನ್. ಕೆ. ಪಾಟೀಲರ ಅಧ್ಯಕ್ಷತೆಯ ಸಮಿತಿ ಕೆರೆಗಳ ಸ್ಥಿತಿಯನ್ನು ಪರಿಶೀಲಿಸಿ ವರದಿ ಕೊಟ್ಟಿತು. 2012ರ ಏಪ್ರಿಲ್‌ನಲ್ಲಿ ಬಂದ ಅಂತಿಮ ಆದೇಶವು ಕೆರೆಗಳ ಸಂರಕ್ಷಣೆಗೆ ನಿರಂತರ ಮೇಲ್ವಿಚಾರಣೆಯ ವ್ಯವಸ್ಥೆಯನ್ನು ವಿಧಿಸಿತು. 2014ರಲ್ಲಿ ಕೆರೆಗಳಿಗಾಗಿಯೇ ರಾಜ್ಯವು ಪ್ರತ್ಯೇಕ ಕಾಯ್ದೆಯನ್ನು ರೂಪಿಸಿತು.

ಇದರ ಹಿಂದಿನ ತತ್ತ್ವವನ್ನು ಸರ್ವೋಚ್ಚ ನ್ಯಾಯಾಲಯವು 1996ರ ಡಿಸೆಂಬರ್‌ನಲ್ಲಿ, ಹಿಮಾಚಲದ ಬಿಯಾಸ್ ನದಿಗೆ ಸಂಬಂಧಿಸಿದ ಕಮಲನಾಥ ಪ್ರಕರಣದಲ್ಲಿ ಸ್ಪಷ್ಟಪಡಿಸಿತ್ತು. ನದಿ, ಕೆರೆ, ಅರಣ್ಯಗಳಂಥ ಸಂಪತ್ತಿಗೆ ಸರಕಾರ ಒಡೆಯನಲ್ಲ, ಜನರ ಪರವಾಗಿ ಕಾಯುವ ಧರ್ಮದರ್ಶಿ ಎಂಬುದು ಆ ತತ್ತ್ವ. ಧರ್ಮದರ್ಶಿಯ ಕೈಯಿಂದ ಬಂದ ಅನುಮತಿಯೊಂದೇ ಸಾಲದು. ಯಾರಿಗಾಗಿ ಅವನು ಕಾಯುತ್ತಿದ್ದಾನೋ ಅವರ ಮಾತೂ ಬೇಕು. ನೆರೆಹೊರೆಯ ಒಪ್ಪಿಗೆಗೆ ಇರುವ ನೈತಿಕ ಆಧಾರ ಇದು.

ಯುವಕರ ಸಂಘ ಖಾಸಗಿ ಉದ್ಯಮವಲ್ಲ, ಲಾಭಕ್ಕಾಗಿ ಬಂದುದೂ ಅಲ್ಲ. ಆದ್ದರಿಂದ ಈ ಹೋಲಿಕೆ ಸರಿಯಲ್ಲವೆಂದು ಯಾರಾದರೂ ಆಕ್ಷೇಪಿಸಬಹುದು. ಉದ್ದೇಶ ಒಳ್ಳೆಯದಿದ್ದರೂ ಕೇಳದೆ ಬೇಲಿ ಹಾಕಿದರೆ ಹೊರಗುಳಿದವರ ಪಾಲಿಗೆ ಪರಿಣಾಮ ಒಂದೇ ಎಂಬುದು ಅದಕ್ಕೆ ಉತ್ತರ.

ನೆರೆಯವರೂ ಕಾವಲುಗಾರರೇ

ಹಾಗೆಂದು ನೆರೆಹೊರೆಯವರು ಹೇಳಿದುದೆಲ್ಲ ನ್ಯಾಯವೆಂದೂ ಅಲ್ಲ. ತಮ್ಮ ಬಾಲ್ಕನಿಯಿಂದ ಕಾಣುವ ನೀರಿನ ನೋಟ ಕೆಡುತ್ತದೆಂದು, ಹೊರಗಿನ ಮಕ್ಕಳು ತಮ್ಮ ಬೀದಿಗೆ ಬರುತ್ತಾರೆಂದು ಅಡ್ಡಿ ಹೇಳುವವರೂ ಇರುತ್ತಾರೆ. ಬೀದಿಯಲ್ಲಿ ಮನೆಯಿದ್ದ ಮಾತ್ರಕ್ಕೆ ಕೆರೆ ತನ್ನದಾಗುವುದಿಲ್ಲ. ನಿರಾಕರಣೆಗೂ ಕಾರಣ ಹೇಳುವ ಹೊಣೆಯಿದೆ. ಆ ಹೊಣೆಯನ್ನು ಪಡೆಯುವುದು ಕಾಯುವ ಕೆಲಸದಿಂದ.

ಬೆಂಗಳೂರಿನ ಜೆ. ಪಿ. ನಗರದ ಪುಟ್ಟೇನಹಳ್ಳಿ ಕೆರೆ ಈ ಮಾತಿಗೆ ಉದಾಹರಣೆ. ಅದು ಬತ್ತಿ ಕಸದ ಗುಂಡಿಯಾಗುತ್ತಿದ್ದಾಗ ಸುತ್ತಲಿನ ನಿವಾಸಿಗಳು 2010ರಲ್ಲಿ ವಿಶ್ವಸ್ತ ಸಂಸ್ಥೆಯೊಂದನ್ನು ಕಟ್ಟಿಕೊಂಡರು. 2011ರಲ್ಲಿ ಮಹಾನಗರ ಪಾಲಿಕೆಯೊಡನೆ ಒಡಂಬಡಿಕೆ ಮಾಡಿಕೊಂಡು ನಿರ್ವಹಣೆಯ ಹೊಣೆ ಹೊತ್ತರು. ಕಳೆ ಕೀಳುವುದು, ಸಸಿ ನೆಡುವುದು, ಹಕ್ಕಿಗಳನ್ನು ಎಣಿಸುವುದು, ಕೆರೆಗೆ ನೀರು ಬರುವ ದಾರಿ ಹುಡುಕುವುದು ಅವರ ದಿನಚರಿಯಾಯಿತು. ಅಂಥವರು ಯಾವುದಾದರೂ ಬಳಕೆಗೆ ‘ಬೇಡ’ ಎಂದಾಗ ಅದಕ್ಕೆ ತೂಕವಿರುತ್ತದೆ.

ಮೈಸೂರಿನಲ್ಲಿ ಎರಡು ಕೆರೆಗಳಿಗೆ ಎರಡು ಬಗೆಯ ಮರ್ಯಾದೆ ಇರುವುದನ್ನು ಕಾಣಬಹುದು. ಮೃಗಾಲಯದ ಆಡಳಿತಕ್ಕೆ ಸೇರಿದ ಕಾರಂಜಿ ಕೆರೆಯಲ್ಲಿ ದೋಣಿವಿಹಾರಕ್ಕೆ ಅವಕಾಶವಿದೆ. ವಿಶ್ವವಿದ್ಯಾನಿಲಯದ ಮಗ್ಗುಲಿನ, ಕುವೆಂಪು ಅವರ ನೆನಪಿನೊಡನೆ ಬೆರೆತ ಕುಕ್ಕರಹಳ್ಳಿ ಕೆರೆಯಲ್ಲಿ ದೋಣಿಯ ಮಾತೆತ್ತಿದರೆ ಪಕ್ಷಿಪ್ರಿಯರೂ ವಾಯುವಿಹಾರಿಗಳೂ ಒಪ್ಪುವುದಿಲ್ಲ. ಹೆಜ್ಜಾರ್ಲೆಗಳು ಬಂದು ನೆಲೆಸುವ ಆ ನೀರು ಅಲುಗದಿರಲಿ ಎಂಬುದು ಅವರ ವಾದ. ಎಲ್ಲ ಕೆರೆಗಳಿಗೂ ಒಂದೇ ನಿಯಮ ಹೊಂದುವುದಿಲ್ಲ. ಸಂಘದವರು ಒಂದು ಕೆರೆಗೆ ಅಂಟಿಕೊಳ್ಳದೆ, ‘ನಮ್ಮ ಸೀಮೆಯ ಯಾವ ನೀರು ಇದಕ್ಕೆ ತಕ್ಕುದು?’ ಎಂಬ ಪ್ರಶ್ನೆಯಿಂದ ಹೊರಟರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಒಂದು ಸಂಜೆಯ ಬಿರುಗಾಳಿ

ಒಪ್ಪಿಗೆಯ ಮಾತುಕತೆಯಲ್ಲಿ ಹಕ್ಕುಗಳಿಗಿಂತ ಮೊದಲು ಬರಬೇಕಾದುದು ಪ್ರಾಣ. ಕೋಲ್ಕತ್ತದಲ್ಲಿ 1858ರಷ್ಟು ಹಿಂದೆಯೇ ರೋಯಿಂಗ್ ಕ್ಲಬ್ ಹುಟ್ಟಿತ್ತು; ಅಲ್ಲಿನ ರವೀಂದ್ರ ಸರೋವರ ಈ ಕ್ರೀಡೆಗೆ ಹೆಸರಾದ ನೀರು. 2022ರ ಮೇ 21ರಂದು ಶಾಲಾ ಪಂದ್ಯಕ್ಕಾಗಿ ಅಭ್ಯಾಸ ನಡೆಸುತ್ತಿದ್ದಾಗ, ಬಂಗಾಳದವರು ಕಾಲವೈಶಾಖಿ ಎನ್ನುವ ಬಿರುಗಾಳಿ ಇದ್ದಕ್ಕಿದ್ದಂತೆ ಎದ್ದು ದೋಣಿ ಮಗುಚಿ, ಇಬ್ಬರು ವಿದ್ಯಾರ್ಥಿಗಳು ಮುಳುಗಿ ಸತ್ತರು. ಕೂಡಲೇ ಅಲ್ಲಿ ರೋಯಿಂಗ್ ನಿಂತಿತು. ಹಿಂಬಾಲಿಸುವ ರಕ್ಷಣಾದೋಣಿ ಏಕಿರಲಿಲ್ಲವೆಂಬ ಚರ್ಚೆಯಲ್ಲಿ, ನೀರು ಮಲಿನವಾಗಬಾರದೆಂದು ಪೆಟ್ರೋಲ್ ಚಾಲಿತ ದೋಣಿಗಳಿಗೆ ಅವಕಾಶವಿರಲಿಲ್ಲವೆಂಬ ಸಂಗತಿ ಮುಂದೆ ಬಂದಿತು. ಸುರಕ್ಷೆಯ ನಿಯಮಾವಳಿ ಸಿದ್ಧವಾಗಬೇಕಾಯಿತು.

ಇದರಲ್ಲಿ ಎರಡು ಪಾಠಗಳಿವೆ. ಕೆರೆಯ ಸ್ವಚ್ಛತೆಗಾಗಿ ಮಾಡಿದ ನಿಯಮ, ಮಕ್ಕಳ ಜೀವಕ್ಕಾಗಿ ಬೇಕಾದ ನಿಯಮ ಎರಡೂ ಸರಿಯೇ. ಅವೆರಡನ್ನೂ ಒಂದೇ ಮೇಜಿನ ಮೇಲಿಟ್ಟು ಮೊದಲೇ ಹೊಂದಿಸಿಕೊಳ್ಳದಿದ್ದರೆ ಹೊಂದಿಸುವ ಕಾಲ ದುರಂತದ ಅನಂತರ ಬರುತ್ತದೆ. ಬ್ಯಾಟರಿಯಿಂದ ನಡೆಯುವ ರಕ್ಷಣಾದೋಣಿಯಂಥ ಪರಿಹಾರಗಳಿಗೆ ಆಗಲೇ ದಾರಿ ಹುಡುಕಬೇಕು. ಎರಡನೆಯದು ನಮ್ಮ ಸೀಮೆಗೆ ನೇರವಾಗಿ ತಾಕುವಂಥದು. ಇಲ್ಲಿಯೂ ಏಪ್ರಿಲ್ ಮೇ ತಿಂಗಳ ಸಂಜೆಗಳಲ್ಲಿ ಸಿಡಿಲು ಗುಡುಗುಗಳೊಡನೆ ಗಾಳಿಮಳೆ ಅಪ್ಪಳಿಸುತ್ತದೆ. ಮುಗಿಲು ಯಾವ ಮೂಲೆಯಲ್ಲಿ ಕಟ್ಟಿದರೆ ಎಷ್ಟು ಹೊತ್ತಿನಲ್ಲಿ ಗಾಳಿ ಬೀಸುತ್ತದೆಂಬುದು, ಕೆರೆಯ ತಳದಲ್ಲಿ ಎಲ್ಲಿ ಗುಂಡಿಯಿದೆ, ಎಲ್ಲಿ ಹೂಳಿದೆ, ಎಲ್ಲಿ ಮುಳುಗಿದ ಮರದ ಬೊಡ್ಡೆಯಿದೆಯೆಂಬುದು ತರಬೇತುದಾರನಿಗಿಂತ ಚೆನ್ನಾಗಿ ಗೊತ್ತಿರುವುದು ದಂಡೆಯ ಮೀನುಗಾರನಿಗೆ. ಒಪ್ಪಿಗೆ ಕೇಳಲು ಅವನ ಬಳಿ ಹೋದವರು ಈ ಅರಿವನ್ನೂ ಪಡೆದು ಬರುತ್ತಾರೆ. ಕೇಳದೆ ನೀರಿಗಿಳಿದವರು ಅವನ ಒಪ್ಪಿಗೆಯ ಜೊತೆಗೆ ಅವನ ಎಚ್ಚರಿಕೆಯನ್ನೂ ಕಳೆದುಕೊಳ್ಳುತ್ತಾರೆ.

ಒಪ್ಪಿಗೆಯನ್ನು ಬರೆಯುವ ಕ್ರಮ

ಈವರೆಗಿನ ವಿವೇಚನೆಯಿಂದ ಒಂದು ಕ್ರಮವನ್ನು ರೂಪಿಸಿಕೊಳ್ಳಬಹುದು. ಮೊದಲಿಗೆ ನೀರು ಯಾರ ಆಡಳಿತದಲ್ಲಿದೆಯೆಂಬುದನ್ನು ತಿಳಿಯಬೇಕು. ಊರ ಚಿಕ್ಕ ಕೆರೆ ಗ್ರಾಮ ಪಂಚಾಯಿತಿಯದೋ ಜಿಲ್ಲಾ ಪರಿಷತ್ತಿನದೋ ಆಗಿರಬಹುದು. ದೊಡ್ಡ ಜಲಾಶಯ, ಬಂಧಾರಗಳು ಜಲಸಂಪನ್ಮೂಲ ಇಲಾಖೆಯವು. ನಗರದ ಕೆರೆ ನಗರಪಾಲಿಕೆಯದು. ಅಲ್ಲಿಂದ ದೊರೆಯುವ ಅನುಮತಿ ಕಾನೂನಿನ ಬಾಗಿಲು.

ಎರಡನೆಯದಾಗಿ, ಅರ್ಜಿ ಬರೆಯುವ ಮುನ್ನ ಒಂದು ಪೂರ್ಣ ವಾರ, ಸಾಧ್ಯವಾದರೆ ಬೇರೆ ಬೇರೆ ಋತುಗಳಲ್ಲಿ, ಕೆರೆಯನ್ನು ಬೆಳಗಿನಿಂದ ಸಂಜೆಯವರೆಗೆ ನೋಡಬೇಕು. ಯಾರು ಯಾವ ಹೊತ್ತಿಗೆ ಯಾವ ಮೂಲೆಗೆ ಬರುತ್ತಾರೆಂಬ ಪಟ್ಟಿ ಮಾಡಬೇಕು. ಆ ಪಟ್ಟಿಯೇ ಒಪ್ಪಿಗೆ ಕೇಳಬೇಕಾದವರ ಪಟ್ಟಿ. ಹಕ್ಕಿಗಳು ಗೂಡು ಕಟ್ಟುವ ತಿಂಗಳುಗಳನ್ನೂ ಅದರಲ್ಲಿ ಸೇರಿಸಬೇಕು.

ಮೂರನೆಯದಾಗಿ, ಗ್ರಾಮಸಭೆಯಲ್ಲಾಗಲಿ ವಾರ್ಡಿನ ಸಭೆಯಲ್ಲಾಗಲಿ ವಿಷಯವನ್ನು ತೆರೆದಿಡಬೇಕು. ದೋಣಿಯನ್ನು ತಂದು ತೋರಿಸಿ, ಪಟು ಹಿಂದಕ್ಕೆ ಮುಖ ಮಾಡಿ ಕುಳಿತುಕೊಳ್ಳುವುದನ್ನು ವಿವರಿಸಿದರೆ, ಒಂದು ಪಥವನ್ನು ಏಕೆ ತೆರವಾಗಿ ಇ​ಡಬೇಕೆಂಬುದು ಸಭೆಗೆ ತಾನಾಗಿಯೇ ತಿಳಿಯುತ್ತದೆ. ಸಭೆಗೆ ಬಾರದವರ ಬಳಿಗೆ ಸಂಘದವರೇ ಹೋಗಬೇಕು. ಬೆಳಗಿನ ಸಭೆಗೆ ದನಗಾಹಿ ಬರಲಾರಳು. ಬಾರದಿದ್ದುದನ್ನು ಸಮ್ಮತಿಯೆಂದು ಬರೆದುಕೊಳ್ಳುವುದು ಮಲ್ಲನಗೌಡನ ಮನೆಯ ನ್ಯಾಯವಾಗುತ್ತದೆ.

ನಾಲ್ಕನೆಯದು ಒಪ್ಪಂದದ ಬರವಣಿಗೆ. ಹೊತ್ತು, ಜಾಗ, ಹೊಣೆ ಈ ಮೂರನ್ನೂ ಅದು ಸ್ಪಷ್ಟವಾಗಿ ಹೇಳಬೇಕು. ಸೂರ್ಯೋದಯದಿಂದ ಇಷ್ಟು ಗಂಟೆಯವರೆಗೆ ಮಾತ್ರ. ಈ ಗುರುತಿನಿಂದ ಆ ಗುರುತಿನವರೆಗೆ ಮಾತ್ರ. ಬಲೆ ಹಾಕುವ ದಿನ, ವಿಸರ್ಜನೆಯ ದಿನ, ನೀರು ಇಷ್ಟು ಅಡಿಗಿಂತ ಇಳಿದ ದಿನ ದೋಣಿಯಿಲ್ಲ. ಜೀವರಕ್ಷಕ ಅಂಗಿಯಿಲ್ಲದೆ, ಈಜು ಬಾರದೆ, ಹಿಂಬಾಲಿಸುವ ದೋಣಿಯಿಲ್ಲದೆ ಯಾರೂ ನೀರಿಗಿಳಿಯುವುದಿಲ್ಲ ಎಂಬಂಥ ನಿಯಮಗಳು ಅದರಲ್ಲಿರಬೇಕು. ಇದಕ್ಕೆ ಪ್ರತಿಯಾಗಿ ಸಂಘವು ಕೆರೆಗೆ ಏನು ಕೊಡುತ್ತದೆಂಬುದನ್ನೂ ಬರೆಯಬೇಕು. ತಿಂಗಳಿಗೊಮ್ಮೆ ಕಳೆ ತೆಗೆಯುವುದು, ದಂಡೆಯ ಊರಿನ ಮಕ್ಕಳಿಗೆ ಶುಲ್ಕವಿಲ್ಲದೆ ಈಜು ಮತ್ತು ರೋಯಿಂಗ್ ಕಲಿಸುವುದು ಇಂದಿನ ಕೆರೆಗೊಡಗೆ ಆಗಬಲ್ಲವು. ಒಂದು ವರ್ಷದ ಅವಧಿ ಮುಗಿದ ಮೇಲೆ ಮತ್ತೆ ಸಭೆ ಸೇರಿ ಪರಿಶೀಲಿಸುವ ಮಾತೂ ಇರಬೇಕು. ಹಿಂದೆಗೆದುಕೊಳ್ಳಲು ಬಾರದ ಒಪ್ಪಿಗೆ ಬಹುಬೇಗ ಅತಿಕ್ರಮಣವಾಗುತ್ತದೆ.

ಭಾಷೆಯ ಹೊಣೆ

ಗಡಿಸೀಮೆಯಲ್ಲಿ ಈ ಬರವಣಿಗೆ ಯಾವ ಭಾಷೆಯಲ್ಲಿರಬೇಕೆಂಬುದು ಸಣ್ಣ ಪ್ರಶ್ನೆಯಲ್ಲ. ಕಚೇರಿಯ ಕಾಗದ ಮರಾಠಿಯಲ್ಲಿರುತ್ತದೆ. ದಂಡೆಯ ಮೇಲೆ ಕನ್ನಡವನ್ನಾಡುವ ಮನೆಗಳಿವೆ. ಕಚೇರಿಯವರು ‘ತಲಾವ’ ಎಂದು ಬರೆದುದು ಮನೆಯವರಿಗೆ ‘ಕೆರಿ’. ಅವರ ‘ಬಾಂಧ’ ಇವರ ‘ಒಡ್ಡು’. ಕಾಗದದಲ್ಲಿ ಏನು ಬರೆದಿದೆಯೆಂದು ತಿಳಿಯದೆ ಒತ್ತಿದ ಹೆಬ್ಬೆರಳು ಒಪ್ಪವೆನಿಸುವುದಿಲ್ಲ. ಎರಡೂ ಭಾಷೆಗಳಲ್ಲಿ ಒಪ್ಪಂದವನ್ನು ಬರೆದು, ಸಭೆಯಲ್ಲಿ ಗಟ್ಟಿಯಾಗಿ ಓದಿ ಹೇಳುವ ಕೆಲಸವನ್ನು ಮಾಡಬಲ್ಲವರು ಯಾರು? ಎರಡೂ ಭಾಷೆಗಳನ್ನು ಬಲ್ಲ, ಶಾಸನದ ಕಟ್ಟಳೆಯ ಭಾಷೆಯನ್ನೂ ಮನೆಯ ಆಡುಮಾತನ್ನೂ ಅರಿತ ನಮ್ಮ ವಿದ್ಯಾರ್ಥಿಗಳೇ. ಕನ್ನಡ ಓದಿದರೆ ಏನು ಪ್ರಯೋಜನವೆಂದು ಕೇಳುವವರಿಗೆ ಕೊಡಬಹುದಾದ ಉತ್ತರಗಳಲ್ಲಿ ಇದೂ ಒಂದು.

ಅಭ್ಯಾಸಕ್ಕಾಗಿ ಒಂದು ಸೂಚನೆ. ವಿದ್ಯಾರ್ಥಿಗಳು ಮೂವರು ನಾಲ್ವರ ಗುಂಪುಗಳಾಗಿ ತಮ್ಮ ಊರಿನ ಒಂದು ಕೆರೆಯನ್ನೋ ಬಂಧಾರವನ್ನೋ ಆರಿಸಿಕೊಳ್ಳಲಿ. ಅಲ್ಲಿ ಬಳಕೆಯಲ್ಲಿರುವ ನೀರಿನ ಶಬ್ದಗಳನ್ನು ಕನ್ನಡದಲ್ಲೂ ಮರಾಠಿಯಲ್ಲೂ ಸಂಗ್ರಹಿಸಲಿ. ಪ್ರತಿ ಶಬ್ದದ ಎದುರಿಗೆ ಅದರಿಂದ ಬದುಕುವವರು ಯಾರೆಂದು ಬರೆಯಲಿ. ಬಳಿಕ ಆ ನೀರಿನಲ್ಲಿ ರೋಯಿಂಗ್ ಅಭ್ಯಾಸಕ್ಕೆ ಒಪ್ಪಿಗೆ ಕೋರುವ ಮನವಿಯೊಂದನ್ನು ಒಂದು ಪುಟಕ್ಕೆ ಮೀರದಂತೆ ರಚಿಸಲಿ. ಮನವಿಯ ಮೊದಲ ವಾಕ್ಯ ‘ನಮಗೆ ಬೇಕು’ ಎಂದು ಆರಂಭವಾಗದೆ, ಆ ನೀರನ್ನು ಈಗಾಗಲೇ ಬಳಸುತ್ತಿರುವವರ ಹೆಸರುಗಳಿಂದ ಆರಂಭವಾಗಲಿ. ಅನಂತರದ ವಾಕ್ಯಗಳಲ್ಲಿ ದೋಣಿಗೆ ಎಷ್ಟು ಜಾಗ ಉಳಿದಿದೆಯೆಂಬುದು ಬರೆಯುವವರಿಗೇ ಕಾಣತೊಡಗುತ್ತದೆ.